ಮನೆಯಲ್ಲಿ ಹೇಳಿಕೊಡದ ಲೆಕ್ಕ

ಎಂಟನೇ ತರಗತಿಗೆ ಬೀಜಗಣಿತ ಶುರುಮಾಡುವ ದಿನ ನಾನು ಪಾಠ ಮಾಡುವುದಿಲ್ಲ, ಕಾನೂನು ಹೇಳುತ್ತೇನೆ. ಹಂತಗಳಿಗೆ ಅಂಕ, ಬರೀ ಉತ್ತರಕ್ಕೆ ಸೊನ್ನೆ. ಸಮಚಿಹ್ನೆಗಳು ಒಂದರ ಕೆಳಗೆ ಒಂದು ನೇರವಾಗಿ ಬರಬೇಕು. ಹೋಂವರ್ಕ್ ಒಂದು ದಿನ ತಡವಾದರೆ ಅರ್ಧ ಅಂಕ ಹೋಯಿತು, ಎರಡು ದಿನ ತಡವಾದರೆ ತರುವುದೇ ಬೇಡ. ಅರ್ಥವಾಗದಿದ್ದರೆ ಎದ್ದು ನಿಂತು ಕೇಳಬೇಕು, ಪಕ್ಕದವರ ಪುಸ್ತಕ ನೋಡಿದರೆ ಇಬ್ಬರಿಗೂ ಸೊನ್ನೆ. ಹಾಲಾಡಿಯಿಂದ ಒಳಕ್ಕಿರುವ ನಮ್ಮ ಪ್ರೌಢಶಾಲೆಯಲ್ಲಿ ಹದಿನೆಂಟು ವರ್ಷದಿಂದ ಇದನ್ನೇ ಹೇಳುತ್ತ ಬಂದಿದ್ದೇನೆ. ಮಕ್ಕಳು ಬೆನ್ನ ಹಿಂದೆ ನನ್ನನ್ನು ಏನೆಂದು ಕರೆಯುತ್ತಾರೆಂದು ಗೊತ್ತು. ಅದನ್ನಿಲ್ಲಿ ಬರೆಯುವ ಮನಸ್ಸಿಲ್ಲ.

ಆ ವರ್ಷ ಎರಡನೇ ಬೆಂಚಿನಲ್ಲಿ ನನ್ನ ಮಗಳು ಕುಳಿತಿದ್ದಳು.

ಹಿಂದಿನ ದಿನ ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಷ್ಟ್ರು ಚಹಾ ಕುಡಿಯುತ್ತ, "ಈ ಸಲ ಗಣಿತಕ್ಕೆ ಫಸ್ಟ್ ಯಾರ್ ಅಂಬುದ್ ಪರೀಕ್ಷೆ ಮಾಡ್ದೆ ಗೊತ್ತಾಯ್ತಲೆ" ಎಂದಿದ್ದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಮಾತು ಒಳಗೆ ಕೊರೆಯುತ್ತಲೇ ಇತ್ತು. ಪ್ರಶ್ನೆಪತ್ರಿಕೆ ತೆಗೆಯುವವಳು ನಾನು, ತಿದ್ದುವವಳೂ ನಾನು. ಮಗಳು ನಿಜವಾಗಿಯೇ ಚೆನ್ನಾಗಿ ಬರೆದರೂ ಯಾರು ನಂಬುತ್ತಾರೆ?

ಸಂಜೆ ಮನೆಗೆ ಬಂದವಳೇ ಅವಳನ್ನು ಕೂರಿಸಿಕೊಂಡು ಇನ್ನೊಂದು ಕಾನೂನು ಮಾಡಿದೆ.

"ಗಣಿತದ್ದ್ ಎಂತ ಇದ್ರೂ ಕ್ಲಾಸಂಗೇ ಕೇಳ್ಕ್. ಮನಿಯಂಗೆ ನಾನ್ ಹೇಳಿಕೊಡುದಿಲ್ಲೆ. ಉಳ್ದ ಮಕ್ಕಳ ಮನಿಯಂಗೆ ಟೀಚರ್ ಇತ್ರಾ?"

"ಇಲ್ಲೆ."

"ಹಂಗಾರೆ ನಿಂಗೂ ಇಲ್ಲೆ."

ಮನೆಯಲ್ಲಿ ನಾವಿಬ್ಬರೇ. ಗಂಡನಿಗೆ ಪುಣೆಯಲ್ಲಿ ಹೋಟೆಲು, ವರ್ಷಕ್ಕೆರಡು ಸಲ ಬಂದರೆ ದೊಡ್ಡದು. ಆದ್ದರಿಂದ ನಾನು ಇಲ್ಲ ಎಂದರೆ ಕೇಳಲು ಇನ್ನೊಂದು ಜನವಿರಲಿಲ್ಲ. ತರಗತಿಯಲ್ಲಾದರೂ ಕೇಳಬಹುದಿತ್ತಲ್ಲ ಎಂದು ಆಗ ನಾನೇ ವಾದ ಹೂಡಿಕೊಂಡಿದ್ದೆ. ಗಣಿತ ಟೀಚರ ಮಗಳು ಎದ್ದು ನಿಂತು ಗೊತ್ತಿಲ್ಲ ಎಂದರೆ ಮೂವತ್ತೆಂಟು ಮಕ್ಕಳು ತಿರುಗಿ ನೋಡುತ್ತಾರೆ ಎಂಬುದು ಹದಿನೆಂಟು ವರ್ಷ ಪಾಠ ಮಾಡಿದವಳಿಗೆ ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಹೊಳೆದರೂ ಬೇಡವಾಯಿತೋ, ಈಗ ಹೇಳಲಾರೆ.

ಮಗಳು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದಳು. ಎರಡು ಎಕ್ಸ್‌ಗೆ ಮೂರು ಕೂಡಿಸಿ ಐದು ಎಕ್ಸ್ ಎಂದು ಬರೆದಳು. ಇದನ್ನು ಬರೆಯದೆ ಬೀಜಗಣಿತ ಕಲಿತವರನ್ನು ನಾನು ಕಂಡಿಲ್ಲ. ಬೇರೆ ಮಕ್ಕಳು ಬರೆದರೆ ಪಕ್ಕಕ್ಕೆ ಕರೆದು, ಎರಡು ತೆಂಗಿನಕಾಯಿ ಮೂರು ಗುಳ್ಳಬದನೆ ಒಂದೇ ಚೀಲದಲ್ಲಿ ಹಾಕಿದರೆ ಐದು ತೆಂಗಿನಕಾಯಿ ಆಗುತ್ತದಾ ಎಂದು ಕೇಳಿ ನಗಿಸಿ ತಿದ್ದುತ್ತಿದ್ದೆ. ಇವಳ ಪುಸ್ತಕಕ್ಕೆ ಕೆಂಪು ಶಾಯಿಯಲ್ಲಿ ಅಡ್ಡಗೀಟು ಹಾಕಿ ಮುಂದಿನದು ತೆಗೆದುಕೊಂಡೆ.

ಮೊದಲ ಟೆಸ್ಟು ಇಪ್ಪತ್ತು ಅಂಕದ್ದು, ಏಳು ಬಂದರೆ ಪಾಸು. ಮಗಳಿಗೆ ಆರೂವರೆ ಬಂತು. ಒಂದು ಸಮೀಕರಣಕ್ಕೆ ಅವಳು ಹಂತ ಬರೆಯದೆ ಸರಿಯುತ್ತರವನ್ನಷ್ಟೇ ಬರೆದಿದ್ದಳು. ಬರೀ ಉತ್ತರಕ್ಕೆ ಸೊನ್ನೆ, ಸೊನ್ನೆ ಹಾಕಿದೆ. ಅದೇ ಲೆಕ್ಕಕ್ಕೆ ಕಿಟಕಿ ಪಕ್ಕದ ಹುಡುಗಿಯೂ ಬರೀ ಉತ್ತರ ಬರೆದಿದ್ದಳು. ಅವಳಿಗೂ ಪಾಸಾಗಲು ಅರ್ಧವೇ ಕಡಿಮೆಯಿತ್ತು, ಪಾಪ ಎನಿಸಿತು, ಕೊಟ್ಟುಬಿಟ್ಟೆ. ನನ್ನ ಕಾನೂನು ಅಷ್ಟೇನೂ ಗಟ್ಟಿಯಾಗಿರಲಿಲ್ಲ, ಒಬ್ಬಳ ವಿಷಯದಲ್ಲಿ ಮಾತ್ರ ಗಟ್ಟಿಯಾಗಿತ್ತು.

ಶಾಲೆಯಲ್ಲಿ ಮಗಳು ಉತ್ತರಪತ್ರಿಕೆಯನ್ನು ಚೀಲಕ್ಕೆ ಹಾಕಿಕೊಂಡಳು. ಮನೆಗೆ ಬಂದು, ಕೈಕಾಲು ತೊಳೆದು, ಅದನ್ನು ಊಟದ ಮೇಜಿನ ಮೇಲಿಟ್ಟಳು.

"ಅವ್ಳಿಗ್ ಅರ್ಧ ಕೊಟ್ಟೆ. ನಂಗ್ ಎಂತಕೆ ಇಲ್ಲೆ?"

"ಶಾಲಿ ವಿಷ್ಯ ಶಾಲಿಯಂಗೆ" ಎಂದೆ.

ಅವಳು ಪತ್ರಿಕೆ ಮಡಚಿ ಒಳಗಿಟ್ಟಳು. ಆಮೇಲೆ ಯಾವತ್ತೂ ನನ್ನ ಹತ್ತಿರ ಅಂಕದ ಮಾತೆತ್ತಲಿಲ್ಲ.

ಮರುದಿನ ಸ್ಟಾಫ್ ರೂಮಿನಲ್ಲಿ ಅಂಕಪಟ್ಟಿ ಬರೆಯುವಾಗ ವಿಜ್ಞಾನದ ಮೇಷ್ಟ್ರು ಇಣುಕಿ ನೋಡಿ, ಉಳಿದವರಿಗೆಲ್ಲ ಕೇಳುವ ಹಾಗೆ, "ಹ್ವಾಯ್, ಕಂಡ್ರ್ಯಾ? ಸ್ವಂತ ಮಗಳ್ ಅಂದೂ ಕಾಂತಿಲ್ಲೆ ಇವ್ರ್. ಟೀಚರ್ ಅಂದ್ರೆ ಹಿಂಗಿರ್ಕ್" ಎಂದರು. ಮುಖ್ಯೋಪಾಧ್ಯಾಯರೂ ತಲೆದೂಗಿದರು. ಸುಳ್ಳು ಹೇಳುವುದಿಲ್ಲ, ನನಗೆ ಖುಷಿಯಾಯಿತು. ಮನೆಯವರೆಗೂ ಆ ಮಾತನ್ನು ಮೆಲುಕು ಹಾಕುತ್ತ ನಡೆದೆ. ಅರ್ಧ ಅಂಕಕ್ಕೆ ಇಷ್ಟು ಒಳ್ಳೆಯ ಹೆಸರು ಸಿಕ್ಕಿತಲ್ಲ ಎಂದುಕೊಂಡದ್ದು ನೆನಪಾದರೆ ಈಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅರ್ಧವಾರ್ಷಿಕ ಪರೀಕ್ಷೆ ಹತ್ತಿರ ಬಂದಾಗ ನೆರೆಮನೆಯ ಇಬ್ಬರು ಹುಡುಗಿಯರು ಪುಸ್ತಕ ಹಿಡಿದುಕೊಂಡು ಬಂದರು. ಅವರದು ಬೇರೆ ಶಾಲೆ, ಅವರ ಪ್ರಶ್ನೆಪತ್ರಿಕೆಗೂ ನನಗೂ ಸಂಬಂಧವಿಲ್ಲ. ಜಗಲಿಯಲ್ಲಿ ಕೂರಿಸಿ ಸಮೀಕರಣ ಹೇಳಿಕೊಟ್ಟೆ. ಒಂದು ಬದಿಗೆ ಏನು ಮಾಡಿದರೂ ಇನ್ನೊಂದು ಬದಿಗೂ ಅದನ್ನೇ ಮಾಡಬೇಕು ಎಂದು ನಿಧಾನವಾಗಿ, ತಪ್ಪಿದಲ್ಲೆಲ್ಲ ನಗುತ್ತ ಹೇಳಿದೆ. ಅಷ್ಟು ಚೆನ್ನಾಗಿ ನಾನು ಶಾಲೆಯಲ್ಲಿಯೂ ಹೇಳಿರಲಿಕ್ಕಿಲ್ಲ. ಮಗಳು ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ತುರಿಯುವ ಸದ್ದು ನಿಂತಿತು. ತಿರುಗಿ ನೋಡಿದರೆ ಅರ್ಧ ತುರಿದ ಕಾಯಿಹೋಳನ್ನು ಕೈಯಲ್ಲೇ ಹಿಡಿದು, ಬಾಗಿಲಿನ ಕಡೆಗೆ ಕಿವಿಕೊಟ್ಟು ಕುಳಿತಿದ್ದಳು.

"ಬಾ" ಎಂದಿದ್ದರೆ ಬರುತ್ತಿದ್ದಳು. ಒಂದೇ ಅಕ್ಷರ. ನನ್ನ ಪರೀಕ್ಷೆಗೆ ನಾನು ತೆಗೆದಿದ್ದ ಪ್ರಶ್ನೆಪತ್ರಿಕೆಯಲ್ಲೂ ಅಂಥದೇ ಲೆಕ್ಕವಿದೆ ಎಂಬುದು ನೆನಪಾಯಿತು. ನಾನು ದನಿ ತಗ್ಗಿಸಿ ಪಾಠ ಮುಂದುವರಿಸಿದೆ.

ಒಂಬತ್ತನೇ ತರಗತಿಗೆ ಬೇರೆ ಶಾಲೆಗೆ ಹೋಗುತ್ತೇನೆ ಎಂದು ಅವಳೇ ಹೇಳಿದಳು. ಕುಂದಾಪುರದ್ದು, ಬೆಳಿಗ್ಗೆ ಬೇಗ ಬಸ್ಸು ಹಿಡಿಯಬೇಕು. ನಾನು ಹೆಚ್ಚು ಕೇಳಲಿಲ್ಲ, ನನಗೂ ಹಗುರವಾಯಿತು. ಇನ್ನು ಯಾರ ಬಾಯಿಗೂ ಹೆದರದೆ ಮನೆಯಲ್ಲೇ ಹೇಳಿಕೊಡಬಹುದು ಎಂದುಕೊಂಡೆ. ಆದರೆ ಅವಳು ಕೇಳಲಿಲ್ಲ. ಕೇಳುತ್ತಾಳೆಂದು ಕಾಯುತ್ತ ನಾನೂ ಸುಮ್ಮನುಳಿದೆ.

ಅಲ್ಲಿಯ ಮೊದಲ ಪೋಷಕರ ಸಭೆಗೆ ರಜೆ ಹಾಕಿ ಹೋದೆ. ಮಕ್ಕಳನ್ನು ಹೊರಗೆ ನಿಲ್ಲಿಸಿದ್ದರು. ಮೇಜಿನ ಆಚೆ ಬದಿಗೆ ಕುಳಿತು ಅಭ್ಯಾಸವಿದ್ದವಳು ಈಚೆ ಬದಿಯ ಬೆಂಚಿನಲ್ಲಿ ಕುಳಿತೆ. ಗಣಿತದ ಮೇಷ್ಟ್ರು ಚಿಕ್ಕ ಪ್ರಾಯದವರು, ಒಳ್ಳೆಯವರು. ಅವಳ ಉತ್ತರಪತ್ರಿಕೆ ಬಿಡಿಸಿ ತೋರಿಸಿದರು. ಬಹಳ ಕಡೆ ಮೊದಲ ಸಾಲು ಬರೆದು ಕೆಳಗೆ ಖಾಲಿ ಬಿಟ್ಟಿದ್ದಳು.

"ಗೊತ್ತಿಲ್ದೆ ಬಿಟ್ಟದ್ದಲ್ಲ ಅಮ್ಮ, ಹೆದ್ರಿ ಬಿಟ್ಟದ್ದ್" ಎಂದರು. "ಮನಿಯಂಗೆ ಯಾರಾರೂ ಹೇಳಿಕೊಡುವರ್ ಇತ್ರಾ ಕೇಂಡೆ. ಇಲ್ಲೆ, ಅಮ್ಮಂಗೆ ಗಣಿತ ಬತ್ತಿಲ್ಲೆ ಅಂದ್ಲ್. ನೀವ್ ಅದಕ್ಕೆ ಬೇಜಾರ್ ಮಾಡ್ಕಣ್ಬೇಡಿ, ಒಂದ್ ಟ್ಯೂಷನ್‌ಗೆ ಹಾಕಿ. ಕಾಣಿ, ಇದ್ ಸುಲಭ ಇತ್ತ್."

ಆಮೇಲೆ ಅವರು ಕಾಗದದ ಮೇಲೆ ಒಂದು ತಕ್ಕಡಿ ಬರೆದು, ಸಮೀಕರಣ ಎಂದರೇನೆಂದು ನನಗೆ ಬಿಡಿಸಿ ಹೇಳಿದರು. ನನಗೆ ತಿಳಿಯಲೆಂದು ಎರಡೆರಡು ಸಲ ಹೇಳಿದರು. ಹಿಂದೆ ಐದಾರು ತಂದೆತಾಯಂದಿರು ಸರದಿಗೆ ಕಾಯುತ್ತಿದ್ದರೂ ಅವಸರ ಮಾಡಲಿಲ್ಲ. ನಾನೂ ಗಣಿತದ ಟೀಚರೇ ಎಂದು ಹೇಳದೆ, ಕಲಿಯದವಳ ಹಾಗೆ ತಲೆಯಾಡಿಸುತ್ತ ಕೂತಿದ್ದೆ. ಮೊದಲು ಮಗಳ ಮೇಲೆ ಸಿಟ್ಟು ಬಂತು. ಸಹಿ ಹಾಕುವಷ್ಟರಲ್ಲಿ, ಅವಳು ಹೇಳಿದ್ದು ಸುಳ್ಳು ಎನ್ನಲು ನನ್ನ ಬಳಿ ಏನೂ ಇಲ್ಲವೆಂದು ತಿಳಿಯಿತು.

ಶಾಸ್ತ್ರಿ ಸರ್ಕಲ್ಲಿನಲ್ಲಿ ಬಸ್ಸು ಹತ್ತಿ ಕುಳಿತ ಮೇಲೆ ಮಗಳು ಕೇಳಿದಳು, "ಸರ್ ಎಂತ ಹೇಳ್ರ್?"

"ಟ್ಯೂಷನ್‌ಗೆ ಹಾಕುಕೆ ಹೇಳ್ರ್." ಕಂಡಕ್ಟರ್ ಬಂದು ಟಿಕೆಟ್ ಕೊಟ್ಟು ಹೋದ. ಮತ್ತೆ, "ನಾನೇ ಹೇಳಿಕೊಡ್ತೆ. ಇವತ್ತಿಂದ ಒಟ್ಟಿಗ್ ಕೂಕಂಬ" ಎಂದೆ.

ಅವಳು ಕಿಟಕಿಯಿಂದ ಮುಖ ತಿರುಗಿಸಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ನನಗೆ ನೋವಾಗಬಾರದೆಂದು ಮೆಲ್ಲಗೆ ಹೇಳಿದಳು.

"ಬ್ಯಾಡ ಅಮ್ಮ. ನೀನ್ ಹತ್ರ ಕೂತ್ರೆ ನಂಗೆ ಬಪ್ಪುದೂ ಮರ್ತ್ ಹೋತ್ತ್."