ಶಾಲು ಮೊದಲೋ, ಪ್ರಶ್ನೆ ಮೊದಲೋ?

ಅಮೆರಿಕದ ಒಬ್ಬ ಪತ್ರಕರ್ತೆ ಕಳೆದ ವಾರ ನಮ್ಮ ಮನೆಯ ನಾಷ್ಟಾದ ಟೈಮ್ ತಪ್ಪಿಸಿದರು. (ಏಳೂವರೆ ಎಂದರೆ ಏಳೂವರೆ. ಹಳೆಯ ಓದುಗರಿಗೆ ಗೊತ್ತು.)

ತಮ್ಮನ ಮಗಳು ರೇಣುಕಾ ಮೊಬೈಲಿನಲ್ಲಿ ಆಕೆಯ ಬಗ್ಗೆ ಓದುತ್ತಲೇ ಇದ್ದಳು. ತಟ್ಟೆಯಲ್ಲಿ ಮಿರ್ಚಿ ಭಜಿ ಆರುತ್ತಿತ್ತು. ಸಣ್ಣ ಊರಿನ ಪೇಪರಿನಲ್ಲಿ ಸಾವಿನ ಸುದ್ದಿ ಬರೆದಾಕೆ, ಆಮೇಲೆ ಪುರಸಭೆ, ಆಮೇಲೆ ರಾಜ್ಯದ ರಾಜಧಾನಿ, ಈಗ ಅಧ್ಯಕ್ಷರಿಗೇ ಎದುರು ನಿಂತು ಪ್ರಶ್ನೆ ಕೇಳುತ್ತಾರಂತೆ.

"ದೊಡ್ಡಪ್ಪ, ಆಕಿನೂ ಶ್ರದ್ಧಾಂಜಲಿಯಿಂದನ ಶುರು ಮಾಡ್ಯಾಳ!"

"ಹಂಗಾದ್ರ ನೀ ಅರ್ಧ ಅಮೆರಿಕಾ ಮುಟ್ಟಿದಿ. ಮೊದಲು ತಿನ್ನು."

ರೇಣುಕಾ ಗಂಗಾವತಿಯ ಸಣ್ಣ ಪತ್ರಿಕೆಯೊಂದರಲ್ಲಿ ಶ್ರದ್ಧಾಂಜಲಿ, ಹುಟ್ಟುಹಬ್ಬದ ಶುಭಾಶಯ ಬರೆಯುತ್ತಾಳೆ. ಅಂದು ರೈಸ್ ಮಿಲ್ಲಿನವರ ಸಭಾಭವನದ ಉದ್ಘಾಟನೆ. ಬರುವ ನಾಯಕರಿಂದ ಒಂದೇ ಉತ್ತರ ತರಬೇಕೆಂದು ಸಂಪಾದಕರು ಹೇಳಿದ್ದರು: ಕಾಲುವೆಯ ಕೊನೆಯ ಹೊಲಗಳಿಗೆ ನೀರು ಯಾವಾಗ? ತಂದರೆ ರಾಜಕೀಯ ವರದಿ ಅವಳದು. ಇಲ್ಲವಾದರೆ ಮತ್ತೆ ಶ್ರದ್ಧಾಂಜಲಿ.

ಕಾರ್ಯಕ್ರಮದ ಪಟ್ಟಿ ಮಾಡಿದ್ದು ನಾನು. (ನಿವೃತ್ತ ಹೆಡ್ ಮಾಸ್ತರನಿಗೆ ಊರವರು ಕೊಡುವ ಕೆಲಸ ಇನ್ನೇನಿದೆ?) ಪ್ರಾರ್ಥನೆ, ಸ್ವಾಗತ, ಉದ್ಘಾಟನೆ, ಪತ್ರಕರ್ತರಿಗೆ ಸನ್ಮಾನ, ಕೊನೆಗೆ ಪತ್ರಿಕಾಗೋಷ್ಠಿ. ಒಂದು ನಿಮಿಷವೂ ಆಚೀಚೆ ಆಗಲಿಲ್ಲ. ನನಗೆ ಭಾರೀ ಹೆಮ್ಮೆ.

ಎಲ್ಲ ವರದಿಗಾರರಿಗೂ ಶಾಲು ಬಿತ್ತು. ಕೈಗೊಂದು ಸೇಬು ಬಂತು. ಗೋಷ್ಠಿ ಶುರುವಾಯಿತು.

"ಸಾಹೇಬ್ರ, ಇಷ್ಟು ಓಡಾಟದಾಗ ಆರೋಗ್ಯ ಹೆಂಗ ಕಾಯ್ಕೋತೀರಿ?" ಎಂದರು ಒಬ್ಬರು.

"ಊಟದ ವ್ಯವಸ್ಥಾ ಭಾಳ ಛಲೋ ಐತ್ರಿ," ಎಂದರು ಇನ್ನೊಬ್ಬರು. (ಇದು ಪ್ರಶ್ನೆಯೇ?)

ರೇಣುಕಾ ಎದ್ದಳು. ನಾಯಕರನ್ನು ನೋಡಿದಳು, ತನ್ನ ಶಾಲು ನೋಡಿಕೊಂಡಳು. ಅವಳ ಹೆಗಲ ಮೇಲಿನ ಶಾಲು ನಾನೇ ಹೊದಿಸಿದ್ದು. ಆಗ ನನಗೆ ನನ್ನ ಪಟ್ಟಿ ಅರ್ಥವಾಯಿತು. ಶಾಲು ಹೊದ್ದವರು ನಾಯಕರಿಗೆ ಸಿಟ್ಟು ಬರುವ ಮಾತು ಕೇಳುವುದು ಹೇಗೆ?

ಅವಳು ಶಾಲು ತೆಗೆದಳು. ನೀಟಾಗಿ ಮಡಚಿ ವೇದಿಕೆಗೆ ಬಂದು ನನ್ನ ತೊಡೆಯ ಮೇಲಿಟ್ಟಳು.

"ದೊಡ್ಡಪ್ಪ, ಇದನ್ನ ಒಂದೀಟು ಹಿಡ್ಕೊಂಡಿರ್ರಿ."

ವಾಪಸ್ ಹೋಗಿ ನೀರಿನ ಪ್ರಶ್ನೆ ಕೇಳಿದಳು. ನಾಯಕರು ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿ ನಕ್ಕರು.

"ಏನ್ರಿ ಸರ್, ಇಷ್ಟು ಸನ್ಮಾನ ಮಾಡಿದ್ರೂ ನಿಮ್ಮ ಹುಡುಗಿ ಬಿಡವಲ್ಲಳು!"

"ನೀವು ನೀರು ಬಿಡ್ರಿ ಸಾಹೇಬ್ರ, ನಾ ನಿಮ್ಮನ್ನ ಬಿಡ್ತೀನಿ. ಮರಳಿ ಊರಿನ ಕಡಿ ಸಸಿ ಒಣಗಾಕತ್ತಾವ," ಎಂದಳು ರೇಣುಕಾ.

ಸಭೆ ನಕ್ಕಿತು. ನಾಯಕರು ನಗಲಿಲ್ಲ. "ಹುಣ್ಣಿಮಿ ಒಳಗ ಬಿಡಸ್ತೀನಿ, ಬರಕೋ," ಎಂದರು. ಬರೆದುಕೊಂಡಳು. ಮರುದಿನ ಅದು ಮುಖಪುಟದಲ್ಲಿ ಬಂತು, ಅವಳ ಹೆಸರಿನ ಸಮೇತ. ಶ್ರದ್ಧಾಂಜಲಿ ಬರೆಯಲು ಸಂಪಾದಕರು ಬೇರೆಯವರನ್ನು ಹುಡುಕುತ್ತಿದ್ದಾರೆ.

ಶಾಲು ಇನ್ನೂ ನಮ್ಮ ಮನೆಯಲ್ಲೇ ಇದೆ. ನಿನ್ನೆ ಮಿಲ್ಲಿನ ಸೆಕ್ರೆಟರಿ ಬಂದರು, ಮುಂದಿನ ಸಮಾರಂಭಕ್ಕೂ ಪಟ್ಟಿ ಬೇಕಂತೆ. ಈ ಸಲ ಪತ್ರಿಕಾಗೋಷ್ಠಿ ಮೊದಲು, ಸನ್ಮಾನ ಆಮೇಲೆ ಎಂದು ಬರೆದುಕೊಟ್ಟೆ. ಅವರು ಎರಡು ಸಲ ಓದಿ, ನಿಜವಾದ ಕಳವಳದಿಂದ ಕೇಳಿದರು:

"ಪ್ರಶ್ನಿ ಕೇಳಿ ಮುಗಿಸಿದ ಮ್ಯಾಲೆ ಶಾಲು ಯಾಕ್ರಿ ಸರ್?"