ನಾವು ಉಂಡ ಮೇಲೆ ಉಳಿದ ರೊಟ್ಟಿ

ಉಣ್ಣುವ ಮುನ್ನ ಅನ್ನಕ್ಕೆ ಕೈಮುಗಿಯಲು ಕಲಿಸಿದ ಗುರುಗಳಿಗೆ ಮೊದಲು ವಂದಿಸುತ್ತೇನೆ.

ಅರವತ್ತರ ದಶಕದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಪೌಷ್ಟಿಕ ಆಹಾರದ ಪಾಠ ಹೇಳುತ್ತಿದ್ದ ನಾನು, ಅವರಲ್ಲಿ ಎಂಟು ಜನರನ್ನು ತಿಕೋಟಾ ಎಂಬ ಹಳ್ಳಿಗೆ ಕರೆದೊಯ್ದಿದ್ದೆ. ರೈತರೊಬ್ಬರ ಮನೆಯಲ್ಲಿ ಊಟ. ಏಳು ತಿಂಗಳ ಬಸುರಿ ಸೊಸೆ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು ಬಡಿಸಿದಳು. ಹುಡುಗರು ಮತ್ತೆ ಮತ್ತೆ ಹಾಕಿಸಿಕೊಂಡರು, ನಾನೂ ಬೇಡವೆನ್ನಲಿಲ್ಲ.

ಕೈತೊಳೆದ ಕೂಡಲೇ ಒಬ್ಬ ವಿದ್ಯಾರ್ಥಿ ಅವಳ ಕಣ್ರೆಪ್ಪೆ ಬಿಡಿಸಿ ನೋಡಿ, ರಕ್ತ ಕಡಿಮೆಯಿದೆ ಎಂದು ಸಾರಿ, ನನ್ನದೇ ಪಾಠವನ್ನು ಒಪ್ಪಿಸಿದ: "ದಿನಾ ಕಾಳು, ಮೊಸರು ತಪ್ಪದೆ ತಿನ್ನಬೇಕಮ್ಮ."

"ಈಗ ನೀವು ಉಂಡ್ರೆಲ್ರೀ ಸಾಹೇಬ್ರ, ಅದ ಅಲ್ಲೇನ್ರಿ?" ಎಂದಳು ಅವಳು. "ಪಲ್ಯದ ಗಡಗಿ, ಮೊಸರಿನ ಗಡಗಿ ಎರಡೂ ಬಳಿದ ನಿಮಗ ಹಾಕೇನ್ರಿ. ನನಗ ಬುಟ್ಟ್ಯಾಗ ಒಂದ ರೊಟ್ಟಿ ಉಳದೈತಿ."

"ಸುಮ್ನಿರ ಬೇ, ಬಂದವರ ಮುಂದ ಹಂಗ ಅಂತಾರೇನ?" ಎಂದು ಅತ್ತೆ ಗದರಿದರು. ಆ ಹುಡುಗನೋ, ಅದನ್ನೂ ಬರೆದುಕೊಳ್ಳಲು ಲೇಖನಿ ತೆಗೆದ! ತಲೆ ಚಚ್ಚಿಕೊಳ್ಳುವಂತಾಯಿತು. ಆದರೆ ಅವನಿಗಿಂತ ನನ್ನ ಮೇಲೆಯೇ ಹೆಚ್ಚು ಸಿಟ್ಟು ಬಂತು. ಏನು ತಿನ್ನಬೇಕೆಂದು ವರ್ಷಗಟ್ಟಲೆ ಕಲಿಸಿದ್ದೆ. ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರೆಂದು ಕೇಳಲು ಕಲಿಸಿರಲಿಲ್ಲ.

ಅಂದಿನಿಂದ ಯಾವ ಹಳ್ಳಿಗೆ ಹೋದರೂ ಮನೆಯ ಹೆಂಗಸರು ಉಂಡ ಮೇಲೆಯೇ ನಾವು ಕೂತೆವು. ಆ ತಾಯಿಗೂ ಅವಳ ಕೂಸಿಗೂ, ಗದರಿದ ಅತ್ತೆಗೂ, ನನ್ನ ವಿದ್ಯಾರ್ಥಿಗಳಿಗೂ ಭಗವಂತ ತುಂಬಿದ ತಾಟು ಕರುಣಿಸಲಿ.