ಸೀಟು ಹಂಚುವ ಮೊದಲು ಶಬಾನಾ ಕೇಳಿದ್ದು

ಪ್ರಶ್ನೆ ಕೇಳಿದವಳಿಗೆ ಸೊನ್ನೆ ಕೊಟ್ಟಿದ್ದು ಅನ್ಯಾಯ, ಗೆಳೆಯರೇ. ಇಂದು ಕುರ್ಲಾದ ನಮ್ಮ ಪ್ರೋಗ್ರಾಮಿಂಗ್ ಕ್ಲಾಸಿನಲ್ಲಿ ಸರ್ ಒಂದೇ ಸಾಲು ಬರೆಸಿದರು: ಲೋಕಲ್ ರೈಲಿನಲ್ಲಿ ಖಾಲಿಯಾದ ಸೀಟು ಹಂಚುವ ಪ್ರೋಗ್ರಾಂ ಮಾಡಿ. ಮೊದಲು ಬಂದವರಿಗೆ ಸೀಟು ಎಂದು ಬರೆದು ನಾವೆಲ್ಲ ಪೂರ್ತಿ ಅಂಕ ಪಡೆದೆವು. ವಿಜಯಪುರದ ಶಬಾನಾ ಮಾತ್ರ ಪ್ರೋಗ್ರಾಂ ಬದಲು ಆರು ಪ್ರಶ್ನೆ ಬರೆದಿಟ್ಟಿದ್ದಳು.

"ಪ್ರೋಗ್ರಾಂ ಕೇಳೀನಿ, ಇಂಟರ್‌ವ್ಯೂ ಅಲ್ಲ" ಎಂದರು ಸರ್.

"ಎಲ್ಲಿ ಇಳೀತೀರಿ ಅಂತ ಕೇಳದೇ ನೀವು ಲೋಕಲ್‌ನ್ಯಾಗ ಸೀಟ್ ಹಿಡೀತೀರೇನ್ರಿ ಸರ್?" ಎಂದಳು ಶಬಾನಾ.

ನಿಜ, ಇಲ್ಲಿ ಸೀಟು ಸಿಗುವುದು ಕೂತವರು ಎಲ್ಲಿ ಇಳಿಯುತ್ತಾರೆಂದು ಮೊದಲೇ ಕೇಳಿಟ್ಟವರಿಗೆ. ದಿನಾ ಘಾಟ್ಕೋಪರ್‌ನಿಂದ ನಿಂತೇ ಬರುವ ನನಗೆ ಅದು ಹೊಳೆಯಲಿಲ್ಲ. ಹೊಳೆದದ್ದು ನನ್ನ ಗೆಳತಿಗೆ ಎಂದು ಎದೆಯುಬ್ಬಿತು. ಆದರೆ ಸೊನ್ನೆ ಉಳಿದರೆ ಅವಳಿಗೆ ಮುಂದಿನ ಬ್ಯಾಚಿಗೆ ಪ್ರವೇಶವಿಲ್ಲ. ಸಹಪಾಠಿಗಳೇ, ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸರ್ ಕೋಣೆಯ ಮುಂದೆ ಸೇರೋಣ. ಪೂರ್ತಿ ಅಂಕ ಬಂದವರು ತಪ್ಪದೇ ಬನ್ನಿ, ಆ ಅಂಕ ವಾಪಸ್ ಕೊಡುವುದಿದೆ.